ಜಿ-ಎಚ್: ಸದ್ದು ಹೋದರೂ ಅಕ್ಷರ ಹೋಗಲಿಲ್ಲ

ಇಂಗ್ಲಿಷ್ ಕಾಗುಣಿತದ ಬಗ್ಗೆ ದೂರು ಶುರುವಾದರೆ ಮೊದಲು ಕಟಕಟೆಗೆ ಬರುವುದು ಜಿ-ಎಚ್ ಜೋಡಿ. ನೈಟ್, ಡಾಟರ್‌ಗಳಲ್ಲಿ ಅದು ಬಾಯೇ ಬಿಡುವುದಿಲ್ಲ. ಲಾಫ್, ಕಾಫ್‌ಗಳಲ್ಲಿ ‘ಫ’ ಆಗುತ್ತದೆ, ಗೋಸ್ಟ್‌ನಲ್ಲಿ ಬರೀ ‘ಗ’. ಓ-ಯು-ಜಿ-ಎಚ್ ಎಂಬ ನಾಲ್ಕು ಅಕ್ಷರಗಳಂತೂ ರಫ್, ಕಾಫ್, ದೋ, ಥ್ರೂ, ಬೌ ಎಂದು ಐದು ಬಗೆಯಲ್ಲಿ ಕೇಳುತ್ತವೆ. ಬಾಯಿಪಾಠ ಬಿಟ್ಟು ಬೇರೆ ದಾರಿಯಿಲ್ಲ ಎಂದು ಹೇಳಿಬಿಡುವುದು ಸುಲಭ, ಆದರೆ ಪೂರ್ತಿ ನಿಜವಲ್ಲ.

ಹಳೆಯ ಇಂಗ್ಲಿಷ್‌ನಲ್ಲಿ ಇಲ್ಲಿ ನಿಜವಾಗಿಯೂ ಒಂದು ಸದ್ದಿತ್ತು. ರಾತ್ರಿಗೆ ‘ನಿಹ್ಟ್’, ಮಗಳಿಗೆ ‘ಡೊಹ್ಟೊರ್’ ಎಂದು ಬರೆಯುತ್ತಿದ್ದರು. ನಡುವಿನ ಎಚ್ ಗಂಟಲಿನಿಂದ ಉಜ್ಜಿಕೊಂಡು ಬರುವ ಸದ್ದು. ಜರ್ಮನರು ‘ನಾಖ್ಟ್’, ‘ಟೊಖ್ಟರ್’ ಎನ್ನುವಾಗ, ಸ್ಕಾಟರು ಸರೋವರವನ್ನು ‘ಲಾಖ್’ ಎನ್ನುವಾಗ ಅದು ಇಂದಿಗೂ ಕಿವಿಗೆ ಬೀಳುತ್ತದೆ. 1066ರಲ್ಲಿ ಫ್ರಾನ್ಸ್‌ನ ನಾರ್ಮನ್ನರು ಇಂಗ್ಲೆಂಡ್ ಗೆದ್ದ ನಂತರ ಬರವಣಿಗೆ ಫ್ರೆಂಚ್ ರೂಢಿಗೆ ಒಗ್ಗಿತು. ಈ ಸದ್ದಿಗೆ ಕೆಲಕಾಲ 3ರ ಅಂಕಿಯಂತೆ ಕಾಣುವ ‘ಯೋಖ್’ ಅಕ್ಷರ ಬಳಕೆಯಲ್ಲಿತ್ತು, ಬರಬರುತ್ತಾ ಜಿ-ಎಚ್ ನೆಲೆನಿಂತಿತು.

ನಿಜವಾದ ಗೋಜಲು ಹುಟ್ಟಿದ್ದು 15 ಮತ್ತು 16ನೇ ಶತಮಾನಗಳಲ್ಲಿ. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಮನೆ ತೆರೆದ. ಅಚ್ಚಿನಿಂದ ಕಾಗುಣಿತ ಗಟ್ಟಿಯಾಗತೊಡಗಿದ ಹೊತ್ತಿಗೇ ಜನರ ಬಾಯಲ್ಲಿ ಆ ಗಂಟಲ ಸದ್ದು ಕರಗುತ್ತಿತ್ತು. ಕರಗಿದ ರೀತಿಯೂ ಒಂದೇ ಅಲ್ಲ. ‘ಇ’ ಸ್ವರದ ನಂತರ ಬಂದಾಗ ಸದ್ದು ಬಿದ್ದುಹೋಗಿ ಸ್ವರ ದೀರ್ಘವಾಯಿತು. ‘ನಿಖ್ಟ್’ ಎಂಬುದು ‘ನೀಟ್’ ಆಗಿ, ಮುಂದೆ ದೀರ್ಘಸ್ವರಗಳೆಲ್ಲ ಸ್ಥಾನ ಬದಲಿಸಿದಾಗ ‘ನೈಟ್’ ಆಯಿತು. ಒ, ಉ ಸ್ವರಗಳ ನಂತರ ತುಟಿ ದುಂಡಗಿರುತ್ತದೆ. ಹಾಗಾಗಿ ಕೆಲವು ಕಡೆ ಗಂಟಲ ಸದ್ದು ತುಟಿಗೆ ಜಾರಿ ‘ಫ’ ಆಯಿತು, ಉಳಿದ ಕಡೆ ಮಾಯವಾಯಿತು. ಒಂದೊಂದು ಸೀಮೆಯದು ಒಂದೊಂದು ರೀತಿ. ಕಣಕಕ್ಕೆ ‘ಡೋ’ ಎನ್ನುವ ಶಬ್ದವೇ ಇನ್ನೊಂದು ಸೀಮೆಯಲ್ಲಿ ‘ಡಫ್’ ಆಗಿ, ಒಂದು ಬಗೆಯ ಕಡುಬಿನ ಹೆಸರಾಗಿ ಉಳಿದಿದೆ. ಶಿಷ್ಟ ಇಂಗ್ಲಿಷ್ ಒಂದು ಶಬ್ದವನ್ನು ಇಲ್ಲಿಂದ, ಇನ್ನೊಂದನ್ನು ಅಲ್ಲಿಂದ ಎತ್ತಿಕೊಂಡಿತು, ಕಾಗುಣಿತವನ್ನು ಮಾತ್ರ ಹಾಗೇ ಬಿಟ್ಟಿತು.

ಗೋಸ್ಟ್‌ನ ಕಥೆ ಬೇರೆ. ಅದರ ಹಳೆಯ ರೂಪದಲ್ಲಿ ಎಚ್ ಇರಲೇ ಇಲ್ಲ. ಕ್ಯಾಕ್ಸ್‌ಟನ್ ಬಹುಕಾಲ ಈಗಿನ ಬೆಲ್ಜಿಯಂನ ಬ್ರೂಜ್ ಊರಿನಲ್ಲಿದ್ದವನು. ಅಲ್ಲಿನ ಫ್ಲೆಮಿಶ್ ಬರವಣಿಗೆಯ ರೂಢಿ ಅವನ ಅಚ್ಚುಮನೆಗೂ ಬಂತು. ಗೂಸ್, ಗರ್ಲ್ ಶಬ್ದಗಳಿಗೂ ಎಚ್ ಅಂಟಿತ್ತು. ಅಲ್ಲಿ ಉದುರಿಹೋಯಿತು, ಗೋಸ್ಟ್‌ನಲ್ಲಿ ಅಂಟಿಕೊಂಡಿತು.

ಸದ್ದು ಹೋದಮೇಲೆ ಜಿ-ಎಚ್ ದೀರ್ಘಸ್ವರದ ಗುರುತಾಯಿತು. ಆಗ ಎಂದೂ ಆ ಸದ್ದೇ ಇಲ್ಲದ ಶಬ್ದಗಳಿಗೂ ಅದನ್ನು ತುರುಕಿದರು. ಡಿಲೈಟ್ ಫ್ರೆಂಚ್ ಮೂಲದ್ದು, ಜಿ-ಎಚ್ ಇಲ್ಲದೆ ಚೆನ್ನಾಗಿಯೇ ಇತ್ತು. ಲೈಟ್, ನೈಟ್‌ಗಳ ಸಾಲಿನಲ್ಲಿ ನಿಂತು ಅದಕ್ಕೂ ಬಂತು.

ಮುಂದಿನ ಶತಮಾನಗಳದ್ದು ತಿದ್ದಲು ಹೊರಟು ಅರ್ಧಕ್ಕೆ ಬಿಟ್ಟ ಕಥೆ. ಅಮೆರಿಕದಲ್ಲಿ ನಿಘಂಟುಕಾರ ನೋವಾ ವೆಬ್‌ಸ್ಟರ್ ನೇಗಿಲಿನ ‘ಪ್ಲೌ’ದಿಂದ ಜಿ-ಎಚ್ ಕಿತ್ತುಹಾಕಿದ್ದು ನಿಂತಿತು. 1906ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 300 ಶಬ್ದಗಳ ಸರಳ ಕಾಗುಣಿತವನ್ನು ಸರ್ಕಾರಿ ಮುದ್ರಣಾಲಯಕ್ಕೆ ಹೇಳಿದರು. ದೋ, ಥ್ರೂಗಳೂ ಆ ಪಟ್ಟಿಯಲ್ಲಿದ್ದವು. ಗೇಲಿ ಜೋರಾಯಿತು, ಸಂಸತ್ತು ಒಪ್ಪಲಿಲ್ಲ, ಅದೇ ವರ್ಷ ಆದೇಶ ಮೂಲೆಗೆ ಸೇರಿತು. ಷಿಕಾಗೊ ಟ್ರಿಬ್ಯೂನ್ ಪತ್ರಿಕೆ 1934ರಲ್ಲಿ ಸರಳ ಕಾಗುಣಿತ ಹಿಡಿದು 1975ರಲ್ಲಿ ಕೈಬಿಟ್ಟಿತು.

ಕಲಿಸುವವರು ಶಬ್ದಗಳನ್ನು ಗುಂಪು ಮಾಡಿದರೆ ಕಷ್ಟ ಅರ್ಧವಾಗುತ್ತದೆ. ಶಬ್ದದ ಆರಂಭದಲ್ಲಿ ಬಂದರೆ ‘ಗ’. ಐ-ಜಿ-ಎಚ್ ಬಂದರೆ ‘ಐ’. ಅದಕ್ಕೂ ಮೊದಲು ಇ ಸೇರಿದರೆ ‘ಏ’: ಏಟ್, ವೇ, ನೇಬರ್, ಇಲ್ಲಿ ಹೈಟ್‌ನಂಥ ಒಂದೆರಡು ತಂಟೆ ಮಾಡುತ್ತವೆ. ಜಿ-ಎಚ್ ಬೆನ್ನಿಗೇ ಟಿ ಇದ್ದರೆ ಸಾಮಾನ್ಯವಾಗಿ ಮೌನ. ಡ್ರಾಫ್ಟ್‌ನ ಬ್ರಿಟಿಷ್ ಕಾಗುಣಿತ ಇದಕ್ಕೆ ಅಪವಾದ. ಲಾಫ್ಟರ್‌ನಲ್ಲಿ ‘ಫ’ ಉಳಿದದ್ದು ಅದರೊಳಗೆ ಲಾಫ್ ಇರುವುದರಿಂದ. ‘ಫ’ ಆಗುವ ದಿನಬಳಕೆಯ ಮೂಲ ಶಬ್ದಗಳು ಬೆರಳೆಣಿಕೆಯವು: ಲಾಫ್, ಕಾಫ್, ಟ್ರಾಫ್, ರಫ್, ಟಫ್, ಇನಫ್. ಇವನ್ನಷ್ಟೇ ಉರುಹೊಡೆಸಿದರೆ ಸಾಕು.

ಜಿ-ಎಚ್-ಓ-ಟಿ-ಐ ಎಂದು ಬರೆದು ‘ಫಿಶ್’ ಎಂದು ಓದಬಹುದು (ಇನಫ್‌ನ ಜಿ-ಎಚ್, ವಿಮೆನ್‌ನ ಓ, ನೇಷನ್‌ನ ಟಿ-ಐ) ಎಂಬ ಹಳೆಯ ಚಟಾಕಿ ತರ್ಕಕ್ಕೆ ನಿಲ್ಲದಿರುವುದೂ ಇದರಿಂದಲೇ. ಶಬ್ದದ ಮೊದಲಲ್ಲಿ ಜಿ-ಎಚ್ ಎಂದೂ ‘ಫ’ ಆಗದು. ಈ ಚಟಾಕಿಯನ್ನು ನಾಟಕಕಾರ ಬರ್ನಾರ್ಡ್ ಷಾ ಹೆಸರಿಗೆ ಕಟ್ಟುವುದು ವಾಡಿಕೆ. ಆದರೆ 1855ರ ಒಂದು ಪತ್ರದಲ್ಲೇ ಅದಿದೆ, ಷಾ ಹುಟ್ಟಿದ್ದು 1856ರಲ್ಲಿ.

ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ. ರಘು, ಮೇಘಾ ಎಂಬ ಹೆಸರುಗಳನ್ನು ಇಂಗ್ಲಿಷ್‌ನಲ್ಲಿ ಬರೆಯುವಾಗ ‘ಘ’ಕ್ಕೆ ಜಿ-ಎಚ್ ಬಳಸುತ್ತೇವೆ. ಅದೇ ಅಭ್ಯಾಸದಲ್ಲಿ ಗೋಸ್ಟ್ ‘ಘೋಸ್ಟ್’ ಆಗುತ್ತದೆ. ಇಂಗ್ಲಿಷ್‌ನಲ್ಲಿ ಮಹಾಪ್ರಾಣ ‘ಘ’ ಇಲ್ಲವಾದ್ದರಿಂದ ಘೀ, ಘೇರಾವ್ ಅವರ ಬಾಯಲ್ಲಿ ‘ಗೀ’, ‘ಗೆರಾವ್’. ಇನ್ನು ಫಾಗ್‌ಹಾರ್ನ್, ಲಾಂಗ್‌ಹ್ಯಾಂಡ್‌ಗಳಲ್ಲಿ ಕಾಣುವುದು ಜೋಡಿಯೇ ಅಲ್ಲ. ಒಂದು ಶಬ್ದದ ಕೊನೆ, ಇನ್ನೊಂದರ ಆರಂಭ ಅಕ್ಕಪಕ್ಕ ಬಂದಿವೆ, ಎರಡನ್ನೂ ಬಿಡಿಸಿಯೇ ಓದಬೇಕು.