ಸಿಡ್ನಿಯ ಹಳೆ ಪೇಟೆ ಉಳಿದದ್ದು ಹೇಗೆ, ಯಾರಿಗಾಗಿ?

ಸಿಡ್ನಿಯಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ಬೆಂಗಳೂರಿನ ಅಪ್ಪ ಅಮ್ಮಂದಿರ ಮೊಬೈಲಿನಲ್ಲಿ ಮೂರು ಫೋಟೊ ಇದ್ದೇ ಇರುತ್ತವೆ: ಒಪೆರಾ ಹೌಸ್‌ನ ಬಿಳಿ ಚಾವಣಿ, ಹಾರ್ಬರ್ ಬ್ರಿಡ್ಜ್‌ನ ಕಮಾನು, ಸೇತುವೆಯ ಬುಡದಲ್ಲೇ ಇರುವ 'ದಿ ರಾಕ್ಸ್' ಎಂಬ ಹಳೆ ಪೇಟೆಯ ಕಲ್ಲಿನ ಓಣಿಗಳು. ಮೊದಲೆರಡರ ಕಥೆ ಬಹಳ ಜನಕ್ಕೆ ಗೊತ್ತು. ಮೂರನೆಯದು ಇವತ್ತು ನೋಡಲು ಸಿಗುತ್ತಿರುವುದೇ ಕಟ್ಟಡ ಕೂಲಿಕಾರರು ಅದನ್ನು ಕೆಡವಲು ಒಪ್ಪದೆ ಕೈಕಟ್ಟಿ ನಿಂತದ್ದರಿಂದ.

ಕಥೆ ಪ್ಲೇಗಿನಿಂದ ಶುರುವಾಗುತ್ತದೆ. ನಮ್ಮಲ್ಲಿ 1898ರಲ್ಲಿ ಪ್ಲೇಗ್ ಬಂದಾಗ ಜನ ಇಕ್ಕಟ್ಟಾದ ಪೇಟೆ ಬಿಟ್ಟು ಹೊರಬಂದರು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಹಾಗೆ. ಅದೇ ರೋಗ 1900ರಲ್ಲಿ ಸಿಡ್ನಿ ಬಂದರಿಗೆ ಬಂತು. ಅಲ್ಲಿನ ಸರ್ಕಾರ ಹಡಗುಕಟ್ಟೆಗೆ ಹೊಂದಿಕೊಂಡ ರಾಕ್ಸ್ ಮತ್ತು ಮಿಲ್ಲರ್ಸ್ ಪಾಯಿಂಟ್ ಬಡಾವಣೆಗಳನ್ನೇ ವಶಕ್ಕೆ ತೆಗೆದುಕೊಂಡಿತು. ಸಾಕಷ್ಟು ಮನೆಗಳನ್ನು ಕೆಡವಿ, ಉಳಿದವನ್ನು ಬಂದರಿನ ಕಾರ್ಮಿಕರಿಗೆ ಬಾಡಿಗೆಗೆ ಕೊಟ್ಟಿತು. ಮನೆಯೊಡೆಯ ಸರ್ಕಾರವೇ ಆದದ್ದು ಮುಂದಿನ ಎಲ್ಲದಕ್ಕೂ ಬುನಾದಿ. 1920ರ ದಶಕದಲ್ಲಿ ಸೇತುವೆಯ ಕೆಲಸ ಶುರುವಾದಾಗ ಎರಡೂ ದಡಗಳಲ್ಲಿ ಮನೆಗಳು ನೆಲಸಮವಾದವು, ನೂರಾರು ಬಾಡಿಗೆ ಕುಟುಂಬಗಳು ಪರಿಹಾರವಿಲ್ಲದೆ ಎದ್ದುಹೋದವು.

1970ರ ಹೊತ್ತಿಗೆ ರಾಕ್ಸ್‌ನ ಬಹುಭಾಗವನ್ನು ಕೆಡವಿ ಗಗನಚುಂಬಿ ಕಚೇರಿ, ಹೋಟೆಲುಗಳನ್ನು ಕಟ್ಟುವ ಯೋಜನೆ ಸಿದ್ಧವಾಯಿತು. ಅದಕ್ಕೆಂದೇ ಒಂದು ಪ್ರಾಧಿಕಾರವೂ ಬಂತು. ತಲೆಮಾರುಗಳಿಂದ ಇದ್ದ ಬಾಡಿಗೆದಾರರು ಸಂಘ ಕಟ್ಟಿಕೊಂಡು ಬಿಲ್ಡರ್ಸ್ ಲೇಬರರ್ಸ್ ಫೆಡರೇಶನ್ ಎಂಬ ಕಾರ್ಮಿಕ ಸಂಘಟನೆಯ ಬಾಗಿಲು ತಟ್ಟಿದರು. ಗಾರೆ ಕಲಸುವವರು, ಕಲ್ಲು ಹೊರುವವರು, ಕೆಡವುವ ಕೆಲಸದವರ ಯೂನಿಯನ್ ಅದು. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಶಾಖೆಗೆ ಕಾರ್ಯದರ್ಶಿ ಜಾಕ್ ಮಂಡೀ. 1971ರಲ್ಲಿ ಹಂಟರ್ಸ್ ಹಿಲ್‌ನ ಹದಿಮೂರು ಮಹಿಳೆಯರು ಕೇಳಿಕೊಂಡಾಗ ಕೆಲ್ಲಿಸ್ ಬುಷ್ ಎಂಬ ಕುರುಚಲು ಕಾಡಿನ ತುಂಡನ್ನು ಉಳಿಸಲು ಈ ಯೂನಿಯನ್ ಅಲ್ಲಿ ಕೆಲಸ ಮಾಡುವುದಿಲ್ಲ ಎಂದು ಘೋಷಿಸಿತ್ತು. ಮೊದಲ 'ಗ್ರೀನ್ ಬ್ಯಾನ್' ಅದೇ. ಅದೇ ವರ್ಷ ರಾಕ್ಸ್‌ನಲ್ಲೂ ಬ್ಯಾನ್ ಬಂತು. ಕೆಲವೇ ವರ್ಷಗಳಲ್ಲಿ ಇಂಥವು ನಲವತ್ತು ದಾಟಿದವು.

ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಅವರು ಹಾಕಿಕೊಂಡ ನಿಯಮ. ಸ್ಥಳೀಯರು ಸಭೆ ಸೇರಿ ಕೇಳದೆ ಯೂನಿಯನ್ ತಾನಾಗಿ ಬ್ಯಾನ್ ಹಾಕುತ್ತಿರಲಿಲ್ಲ. ಬ್ಯಾನ್ ಹಾಕಿದರೆ ಕಳೆದುಕೊಳ್ಳುವುದು ತಮ್ಮದೇ ದಿನಗೂಲಿ ಎಂದು ಗೊತ್ತಿದ್ದೂ ಹಾಕಿದರು. ಒಪೆರಾ ಹೌಸ್‌ಗೆ ಕಾರ್ ಪಾರ್ಕಿಂಗ್ ಮಾಡಲು ಬೊಟಾನಿಕ್ ಗಾರ್ಡನ್‌ ಅಂಚಿನ ಹಳೆ ಅತ್ತಿ ಜಾತಿಯ ಮರಗಳಿಗೆ ಕುತ್ತು ಬಂದಾಗ ಅವನ್ನು ಕಾಪಾಡಿದ್ದೂ ಇದೇ ಕೂಲಿಕಾರರು.

1973ರ ಅಕ್ಟೋಬರ್ 20ರಂದು ರಾಣಿ ಎರಡನೇ ಎಲಿಜಬೆತ್ ಒಪೆರಾ ಹೌಸ್ ಉದ್ಘಾಟಿಸಿದರು. 70 ಲಕ್ಷ ಡಾಲರಿನ ಅಂದಾಜಿನಲ್ಲಿ ಶುರುವಾದ ಕೆಲಸಕ್ಕೆ ಕೊನೆಗೆ ಆದ ಖರ್ಚು 10.2 ಕೋಟಿ ಡಾಲರ್. ಅದೇ ತಿಂಗಳು, ಅಲ್ಲಿಂದ ನಡೆದೇ ಹೋಗುವಷ್ಟು ದೂರದ ರಾಕ್ಸ್‌ನಲ್ಲಿ ಯೂನಿಯನ್ನಿಗೆ ಸೇರದ ಆಳುಗಳನ್ನು ತಂದು ಕೆಡವಲು ಹೊರಟಾಗ ನಿವಾಸಿಗಳೂ ಕಾರ್ಮಿಕರೂ ಅಡ್ಡ ಕೂತರು. ಪೊಲೀಸರು ಹಲವರನ್ನು ಬಂಧಿಸಿದರು. ಮಂಡೀ ಅವರನ್ನೂ ಎತ್ತಿಕೊಂಡು ಹೋದರು. 1974-75ರಲ್ಲಿ ಯೂನಿಯನ್ನಿನ ರಾಷ್ಟ್ರೀಯ ನಾಯಕರು ಈ ರಾಜ್ಯ ಶಾಖೆಯನ್ನು ತಮ್ಮ ಕೈಗೆ ತೆಗೆದುಕೊಂಡು ಬ್ಯಾನುಗಳಿಗೆ ಕೊನೆ ಹಾಡಿದರು. ಅಷ್ಟರಲ್ಲಿ ಯೋಜನೆ ಬದಲಾಗಿತ್ತು, ಓಣಿಗಳು ಉಳಿದಿದ್ದವು. 1977ರಲ್ಲಿ ರಾಜ್ಯಕ್ಕೆ ಪಾರಂಪರಿಕ ಕಟ್ಟಡಗಳ ಕಾಯ್ದೆ ಬಂತು. ಮನೆ ಕಳೆದುಕೊಂಡವರಿಗೆಂದು ಸೇತುವೆಯ ಪಕ್ಕದಲ್ಲೇ ಸಿರಿಯಸ್ ಎಂಬ 79 ಮನೆಗಳ ಸರ್ಕಾರಿ ವಸತಿ ಕಟ್ಟಡವೂ ಎದ್ದಿತು.

ಆದರೆ 2014ರಲ್ಲಿ ಸರ್ಕಾರ ಸಿರಿಯಸ್ ಸೇರಿ ಮಿಲ್ಲರ್ಸ್ ಪಾಯಿಂಟ್, ರಾಕ್ಸ್‌ಗಳ 293 ಸರ್ಕಾರಿ ಮನೆಗಳನ್ನು ಮಾರುವುದಾಗಿ ಹೇಳಿತು. ಬಂದ ಹಣದಲ್ಲಿ ಬೇರೆ ಕಡೆ ವಸತಿ ಕಟ್ಟುತ್ತೇವೆ ಎಂಬುದು ಅದರ ವಾದ. ವಯಸ್ಸಾದ ಬಾಡಿಗೆದಾರರು ಒಬ್ಬೊಬ್ಬರಾಗಿ ಊರು ಬಿಟ್ಟಂತೆ ಹೊರಟರು. ಸಿರಿಯಸ್ ಈಗ ಸಿರಿವಂತರ ಫ್ಲಾಟುಗಳ ಕಟ್ಟಡ. ಕಾಯ್ದೆ ಕಲ್ಲು ಗೋಡೆಯನ್ನು ಕಾಯಿತು, ಬಾಡಿಗೆ ಚೀಟಿಯನ್ನು ಕಾಯಲಿಲ್ಲ.

ಬೆಂಗಳೂರಿಗೂ ಇಂಥ ಗೆಲುವುಗಳಿವೆ. 1980ರ ದಶಕದಲ್ಲಿ ಕೆಡವಬೇಕೆಂದಿದ್ದ ಅಠಾರ ಕಚೇರಿಯನ್ನು ನಾಗರಿಕರು ದನಿಯೆತ್ತಿ ಉಳಿಸಿಕೊಂಡರು. 2016ರಲ್ಲಿ ಉಕ್ಕಿನ ಮೇಲ್ಸೇತುವೆಗಾಗಿ 812 ಮರ ಬೀಳಲಿದ್ದಾಗ ಜನ ಮಾನವ ಸರಪಳಿ ಕಟ್ಟಿದರು, ಮರುವರ್ಷ ಸರ್ಕಾರ ಯೋಜನೆ ಕೈಬಿಟ್ಟಿತು. ಈಗ ಪೇಟೆಯನ್ನು ಪ್ರವಾಸಿ ತಾಣ ಮಾಡಬೇಕೆಂಬ ಮಾತು ಆಗಾಗ ಏಳುತ್ತದೆ. ಚಿಕ್ಕಪೇಟೆಯ ಹಳೆ ಮುಂಬಾಗಿಲುಗಳನ್ನು ಪಟ್ಟಿ ಮಾಡುವವರು, ಅದರ ಹಿಂದಿನ ಒಂದು ಕೋಣೆಯಲ್ಲಿ ಸೀರೆಗೆ ಕುಚ್ಚು ಕಟ್ಟುವವಳ ಬಾಡಿಗೆ ಹಕ್ಕನ್ನೂ ಅದೇ ಪಟ್ಟಿಯಲ್ಲಿ ಬರೆಯಬೇಕು. ಅದೂ ಈಗಲೇ, ಜಾಗದ ಬೆಲೆ ಇನ್ನಷ್ಟು ಏರುವ ಮುಂಚೆ.