ಯುನೆಸ್ಕೋ ಪಟ್ಟಿ ಮತ್ತು ಮಲೆನಾಡಿನ ಸೊಪ್ಪಿನ ಬೆಟ್ಟ

ಪ್ರಶ್ನೆ: ಪಶ್ಚಿಮ ಘಟ್ಟ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟ, ಸೊಪ್ಪಿನ ಬೆಟ್ಟಗಳ (ತೋಟಕ್ಕೆ ಸೊಪ್ಪು ತರುವ ಕಾಡು) ಮೇಲೆ ಅಂತರರಾಷ್ಟ್ರೀಯ ಕಾನೂನು ನಡೆಯುತ್ತದೆಯೇ?

ಉತ್ತರ: ನೇರವಾಗಿ ನಡೆಯುವುದಿಲ್ಲ. 2012ರಲ್ಲಿ ಪಟ್ಟಿಗೆ ಸೇರಿದ್ದು ಇಡೀ ಘಟ್ಟವಲ್ಲ, ನಾಲ್ಕು ರಾಜ್ಯಗಳ 39 ತಾಣಗಳು. ಕರ್ನಾಟಕದ ಹತ್ತು ತಾಣಗಳಲ್ಲಿ ಆಗುಂಬೆ ಮೀಸಲು ಅರಣ್ಯವೂ ಒಂದು. ಅದು ಮೊದಲೇ ನಮ್ಮ ಅರಣ್ಯ ಕಾನೂನಿನ ಅಡಿಯಲ್ಲಿತ್ತು.

ಈ ಪಟ್ಟಿಗೆ ಆಧಾರ ದೇಶಗಳ ನಡುವಿನ ಒಂದು ಒಪ್ಪಂದ. ಸರ್ಕಾರ ಅಂಥ ಒಪ್ಪಂದವೊಂದನ್ನು ಅನುಮೋದಿಸಿದ ಮಾತ್ರಕ್ಕೆ ಅದು ಪ್ರಜೆಯನ್ನು ಕಟ್ಟಿಹಾಕದು, ಅದಕ್ಕೆ ಕಾಯ್ದೆಯ ರೂಪ ಬೇಕು ಎಂಬುದು ಭಾರತದ ನಿಲುವು. 1980ರ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ನೆದರ್ಲೆಂಡ್ಸ್‌ನ ಸಂವಿಧಾನ ಇದಕ್ಕೆ ಉಲ್ಟಾ: ಎಲ್ಲರಿಗೂ ಅನ್ವಯಿಸುವಂಥ ಒಪ್ಪಂದದ ವಿಧಿಗಳು ಅಲ್ಲಿ ದೇಶದ ಕಾಯ್ದೆಗಿಂತ ಮೇಲು.

ಶರಾವತಿಯ ಮುಳುಗಡೆಯನ್ನು ಕಂಡವರಿಗೆ ಆಸ್ಟ್ರೇಲಿಯಾದ ಒಂದು ಮೊಕದ್ದಮೆ ಹತ್ತಿರದ್ದೆನಿಸಬಹುದು. ಟಾಸ್ಮೇನಿಯಾ ರಾಜ್ಯ ಅಣೆಕಟ್ಟು ಕಟ್ಟಲು ಹೊರಟ ಕಣಿವೆ ವಿಶ್ವ ಪರಂಪರೆಯ ಪಟ್ಟಿಯಲ್ಲಿತ್ತು. ಪಟ್ಟಿಯಿಂದ ಕೆಲಸ ನಿಲ್ಲಲಿಲ್ಲ. ಒಪ್ಪಂದವನ್ನು ಆಧರಿಸಿ ಕೇಂದ್ರ ಸಂಸತ್ತು ಮಾಡಿದ ಕಾಯ್ದೆಯನ್ನು ಅಲ್ಲಿನ ಹೈಕೋರ್ಟ್ (ಆ ದೇಶದ ಅತ್ಯುನ್ನತ ನ್ಯಾಯಾಲಯ) 1983ರಲ್ಲಿ 4–3ರ ಬಹುಮತದಿಂದ ಎತ್ತಿಹಿಡಿದಾಗ ನಿಂತಿತು. ಜರ್ಮನಿಯ ಡ್ರೆಸ್ಡೆನ್‌ನಲ್ಲಾದರೋ ಪಟ್ಟಿಯಲ್ಲಿದ್ದ ನದಿ ಕಣಿವೆಯಲ್ಲಿ ಸೇತುವೆಯ ಕೆಲಸ ಮುಂದುವರಿಯಿತು, 2009ರಲ್ಲಿ ಆ ಕಣಿವೆಯೇ ಪಟ್ಟಿಯಿಂದ ಹೊರಬಿತ್ತು.

ನಮ್ಮಲ್ಲೂ ಸಂವಿಧಾನದ 253ನೇ ವಿಧಿ ಸಂಸತ್ತಿಗೆ ಅಂಥ ಅಧಿಕಾರವನ್ನು ಕೊಡುತ್ತದೆ, ವಿಷಯ ರಾಜ್ಯಗಳಿಗೆ ಬಿಟ್ಟ ರಾಜ್ಯಪಟ್ಟಿಯದಾಗಿದ್ದರೂ ಸರಿ. ಹೀಗೆ ಒಪ್ಪಂದ ಮುಂಬಾಗಿಲಿನಿಂದ ಬರದಿದ್ದರೂ ಹಿತ್ತಿಲಿನಿಂದ ಬರುವುದುಂಟು. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಪೀಠಿಕೆ 1972ರ ಸ್ಟಾಕ್‌ಹೋಮ್ ಸಮ್ಮೇಳನದ ನಿರ್ಣಯಗಳನ್ನೇ ನೆನೆಯುತ್ತದೆ. ಊರೂರುಗಳಲ್ಲಿ ಆತಂಕ ಹುಟ್ಟಿಸಿರುವ, ಪಶ್ಚಿಮ ಘಟ್ಟದ ರಕ್ಷಣೆಯ ಕುರಿತ ಕಸ್ತೂರಿರಂಗನ್ ವರದಿಯ ಬೆನ್ನಿಗೆ ಬಂದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಗಳು ಈ ಕಾಯ್ದೆಯ ಕೂಸುಗಳೇ ಹೊರತು ಯುನೆಸ್ಕೋದವಲ್ಲ. ಎರಡನ್ನೂ ಒಂದೇ ಎಂದು ತಿಳಿಯುವುದು ಮಲೆನಾಡಿನಲ್ಲಿ ತೀರ ಸಾಮಾನ್ಯ.

ವಿದ್ವಾಂಸರ ಜಗಳ ಬೇರೆ ಕಡೆ ಇದೆ. ಕೆಲಸದ ಸ್ಥಳದಲ್ಲಿ ಮಹಿಳೆಯರಿಗಾಗುವ ಲೈಂಗಿಕ ಕಿರುಕುಳದ ಬಗೆಗಿನ 1997ರ ವಿಶಾಖ ತೀರ್ಪಿನಲ್ಲಿ ದೇಶದ ಕಾಯ್ದೆ ಇಲ್ಲದ ಜಾಗವನ್ನು ನ್ಯಾಯಾಲಯ ಅಂತರರಾಷ್ಟ್ರೀಯ ಒಪ್ಪಂದದ ನೆರವಿನಿಂದ ತುಂಬಿತು. ಹಕ್ಕುಗಳಿಗೆ ಇದರಿಂದ ಬಲ ಬಂತೆಂದು ಹಲವರು ಮೆಚ್ಚುತ್ತಾರೆ. ಸರ್ಕಾರ ಸಹಿ ಹಾಕುವುದು, ನ್ಯಾಯಾಲಯ ಜಾರಿಗೆ ತರುವುದು ಎಂದಾದರೆ ಸಂಸತ್ತಿಗೆ ಏನು ಕೆಲಸ ಎಂದು ಉಳಿದವರು ಕೇಳುತ್ತಾರೆ. ವಿಶಾಖದ ಫಲವನ್ನು ಒಪ್ಪುತ್ತಲೇ ನಾನು ಈ ಎರಡನೆಯ ಪ್ರಶ್ನೆಗೇ ಹೆಚ್ಚು ತೂಕ ಕೊಡುತ್ತೇನೆ.

ತಮ್ಮ ಜಮೀನಿನ ಬಗ್ಗೆ ನೋಟಿಸ್ ಬಂದರೆ ಅದರಲ್ಲಿ ಯಾವ ಕಾಯ್ದೆಯ ಯಾವ ಕಲಂ ನಮೂದಾಗಿದೆ ಎಂದು ಮೊದಲು ನೋಡಿರಿ. ಅಲ್ಲಿ ಯುನೆಸ್ಕೋ ಹೆಸರು ಮಾತ್ರ ಇದ್ದರೆ, ಅದಕ್ಕೆ ಕಾನೂನಿನ ಆಧಾರ ಯಾವುದೆಂದು ಲಿಖಿತವಾಗಿ ಕೇಳಬಹುದು.