ನೇರಳೆ ಮುಖದ ಮದುಮಗಳು

"ಸರ್, ಫೋಟೋಶಾಪ್‌ನಲ್ಲಿ ಸರಿ ಮಾಡಿಬಿಡಿ." ಮದುವೆ ಮುಗಿದು ಆಲ್ಬಮ್‌ಗೆ ಫೋಟೊ ಆರಿಸಲು ಕೂತಾಗ ಈ ಮಾತು ಬಂದೇ ಬರುತ್ತದೆ. ಮದುಮಗಳ ಮುಖ ನೇರಳೆ. ಮದುಮಗನ ಒಂದು ಕೆನ್ನೆ ಹಸಿರು. ಮೇಕಪ್‌ಗೆ ಸಾವಿರಾರು ರೂಪಾಯಿ ಕೊಟ್ಟಿರುತ್ತಾರೆ. ಅದರ ಮೇಲೆ ಡೆಕೋರೇಷನ್‌ನವರು ಪಾರ್ ಲೈಟಿನಲ್ಲಿ, ಅಂದರೆ ಸ್ಟೇಜಿಗೆ ಹಾಕುವ ಬಣ್ಣದ ದೀಪದಲ್ಲಿ, ಇನ್ನೊಂದು ಮೇಕಪ್ ಮಾಡಿರುತ್ತಾರೆ, ಅದೂ ದುಡ್ಡು ಇಸ್ಕೊಂಡೇ.

ನೆಟ್ಟಗೆ ನಿಲ್ಲಬೇಕು, ತಾಳಿ ಕಟ್ಟುವಾಗ ಮೊಬೈಲ್ ಹಿಡಿದು ಅಡ್ಡ ಬರಬಾರದು, ಇವೆಲ್ಲ ನಿಮಗೆ ಗೊತ್ತಿರುವುದೇ. ನನ್ನ ತಕರಾರು ಒಂದೇ: ಮುಖದ ಮೇಲೆ ಬಣ್ಣದ ಲೈಟ್ ಬೇಡ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಕ್ಯಾಮೆರಾ ಬೆಳಕನ್ನು ಕೆಂಪು, ಹಸಿರು, ನೀಲಿ ಎಂದು ಮೂರು ಪಾಲು ಮಾಡಿ ಅಳೆಯುತ್ತದೆ. ಮೂರೂ ಹದವಾಗಿ ಸೇರಿದರೆ ಮೈಬಣ್ಣ. ಹಳೇ ಬಲ್ಬಿನ ಹಳದಿ ಬೆಳಕಿನಲ್ಲಿ ಮೂರೂ ಇರುತ್ತವೆ, ನೀಲಿ ಕಮ್ಮಿ ಅಷ್ಟೆ. ರಾ ಫೈಲ್ (ಕ್ಯಾಮೆರಾ ಅಳೆದದ್ದನ್ನು ಹಾಗೇ ಇಟ್ಟುಕೊಂಡ ಫೈಲ್) ಇದ್ದರೆ ಆ ಹಳದಿಯನ್ನು ತಿದ್ದುವುದು ಕಷ್ಟವಲ್ಲ. ನೀಲಿ ಎಲ್‌ಇಡಿಯಲ್ಲಿ ಬರೀ ನೀಲಿ. ನೇರಳೆ ಲೈಟಿನಲ್ಲಿ ಹಸಿರೇ ಇಲ್ಲ. ಬೀಳದ ಬೆಳಕನ್ನು ಕ್ಯಾಮೆರಾ ಎಲ್ಲಿಂದ ತರಬೇಕು? ಸಾರಿಗೆ ಉಪ್ಪು ಜಾಸ್ತಿಯಾದರೆ ನೀರು ಹೊಯ್ಯಬಹುದು. ಬೇಳೆಯನ್ನೇ ಹಾಕದಿದ್ದರೆ ಬಡಿಸುವಾಗ ಏನು ಮಾಡುತ್ತೀರಿ?

ಒಮ್ಮೆ ಮದುಮಗಳ ಅಮ್ಮ ಫೋನಿನಲ್ಲಿ ಜಗಳಕ್ಕೇ ಬಂದರು. "ನಮ್ಮ ಹುಡುಗಿ ಉಟ್ಟಿದ್ದು ಕೆಂಪು ಸೀರೆ ಕಣ್ರೀ. ನೀವು ಕಪ್ಪು ಮಾಡಿದ್ದೀರಲ್ಲ, ಮದುವೇಲಿ ಯಾರಾದ್ರೂ ಕಪ್ಪು ಉಡ್ತಾರಾ?" ಸೀದಾ ಅವರ ಮನೆಗೇ ಹೋದೆ. ಸೀರೆ ತರಿಸಿ, ಕಿಟಕಿ ಮುಚ್ಚಿ, ದೇವರ ಮನೆಯ ನೀಲಿ ಸೀರಿಯಲ್ ಲೈಟಿನ ಪಕ್ಕ ಸೆರಗು ಹಿಡಿದೆ. ಸೆರಗು ಕಪ್ಪಾಯಿತು. ಆಮೇಲೆ ಕಾಫಿ ಬಂತು, ಜೊತೆಗೆ ಚಕ್ಕುಲಿ. ಪಾಪ, ಅವರದೇನು ತಪ್ಪು. ಸ್ಟೇಜಿಗೆ ಯಾವ ಲೈಟ್ ಎಂದು ಗೊತ್ತು ಮಾಡಿದ್ದು ಅವರ ತಮ್ಮನಂತೆ.

"ಫ್ಲ್ಯಾಶ್ ಇದೆಯಲ್ಲ?" ಎನ್ನುತ್ತಾರೆ. ಇದೆ. ಸ್ಟೇಜ್ ಮೇಲೆ ಸಾಲಾಗಿ ನಿಂತವರ ಗ್ರೂಪ್ ಫೋಟೊಗೆ ಅದು ಸಾಕಾಗಬಹುದು. ವಿಡಿಯೊಗೆ ಅದರಿಂದ ಉಪಯೋಗವಿಲ್ಲ. ಹೋಮದ ಮುಂದೆ ಹೊಡೆದರೆ ಹೊಗೆಯೇ ಬೆಳ್ಳಗೆ ಎದ್ದು ಕಂಡು ಮುಖ ಮಸುಕಾಗುತ್ತದೆ.

ಅಗ್ಗದ ಎಲ್‌ಇಡಿಗೆ ಇನ್ನೊಂದು ರೋಗವಿದೆ. ನಮ್ಮ ಕರೆಂಟ್ 50 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 50 ಸುತ್ತು, ಒಂದೊಂದು ಸುತ್ತಿನಲ್ಲೂ ಎರಡು ಸಲ ಏರಿ ಇಳಿಯುತ್ತದೆ. ಹಾಗಾಗಿ ಇಂಥ ಲೈಟುಗಳಲ್ಲಿ ಹಲವು, ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಗಟ್ಟಿಮೇಳ ಮೊಳಗಿದಾಗ ಎಲ್ಲರೂ ಎಸೆದ ಅಕ್ಷತೆಯ ಕಾಳು ಗಾಳಿಯಲ್ಲಿ ನಿಂತ ಹಾಗೆ ಬರಬೇಕೆಂದರೆ ನಾನು ಶಟರನ್ನು, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತನ್ನು, 1/500 ಸೆಕೆಂಡಿಗಾದರೂ ಇಳಿಸಬೇಕು. ಕ್ಯಾಮೆರಾ ಚಿತ್ರವನ್ನು ಒಂದು ಕಡೆಯಿಂದ ಸಾಲು ಸಾಲಾಗಿ ತೆಗೆಯುತ್ತದೆ, ಕೆಲವು ಸಾಲಿಗೆ ಬೆಳಕು ಸಿಗುತ್ತದೆ, ಕೆಲವಕ್ಕೆ ಕಮ್ಮಿ. ಫೋಟೊದಲ್ಲಿ ಪಟ್ಟೆ ಪಟ್ಟೆ ಬರುವುದು ಆಗಲೇ. ಆ ಗಳಿಗೆ ಮತ್ತೆ ಸಿಗುತ್ತದಾ? ಪುರೋಹಿತರಿಗೆ ಇನ್ನೊಂದು ಸಲ ತಾಳಿ ಕಟ್ಟಿಸಿ ಅನ್ನೋಕಾಗಲ್ಲ.

ಹಾಗಂತ ಬಣ್ಣವೇ ಬೇಡ ಎನ್ನುತ್ತಿಲ್ಲ. ಹಿಂದಿನ ಪರದೆಗೆ, ಹೂವಿಗೆ, ಕಂಬಕ್ಕೆ ಎಷ್ಟು ಬೇಕಾದರೂ ಹಾಕಿಸಿ. ಮುಖಕ್ಕೆ ಮಾತ್ರ ಎದುರಿಂದ, ಎರಡೂ ಪಕ್ಕದಿಂದ, ವಾರ್ಮ್ ವೈಟ್ (ತುಸು ಹಳದಿ ಬೆರೆತ ಬಿಳಿ) ಲೈಟ್ ಇರಲಿ, ಎರಡೂ ಒಂದೇ ಥರದ್ದು. ಎಲ್ಲ ಛತ್ರಗಳಲ್ಲೂ ಇದು ಆಗುತ್ತದೆ ಎಂದು ಹೇಳಲಾರೆ. ಕೆಲವು ಕಡೆ ಸೀಲಿಂಗಿನ ಲೈಟ್ ಮುಟ್ಟಲು ಬಿಡುವುದಿಲ್ಲ. ಆದರೆ ಅಡ್ವಾನ್ಸ್ ಕೊಡುವ ದಿನವೇ ಡೆಕೋರೇಷನ್‌ನವರಿಗೂ ಫೋಟೊದವರಿಗೂ ಫೋನಿನಲ್ಲಿ ಮಾತಾಡಿಸಿದರೆ ಮುಕ್ಕಾಲು ಪಾಲು ತೊಂದರೆ ಅಲ್ಲೇ ಬಗೆಹರಿಯುತ್ತದೆ.

ಆರತಕ್ಷತೆಗೆ ಮುಂಚೆ, ಲೈಟ್ ಹಾಕಿದ ಕೂಡಲೇ, ಬಿಳಿ ಪಂಚೆ ಉಟ್ಟ ಚಿಕ್ಕಪ್ಪನನ್ನೋ ಮಾವನನ್ನೋ ಸ್ಟೇಜ್ ಮೇಲೆ ನಿಲ್ಲಿಸಿ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ಮೊಬೈಲ್ ತಾನಾಗಿಯೇ ಬಣ್ಣವನ್ನು ಸ್ವಲ್ಪ ತಿದ್ದುತ್ತದೆ. ಅಷ್ಟು ತಿದ್ದಿಯೂ ಪಂಚೆ ನೇರಳೆಯಾಗಿ ಕಂಡರೆ ಲೈಟಿನ ಹುಡುಗನನ್ನು ಕರೆಯಿರಿ. ಏಣಿ ಇನ್ನೂ ಒಳಗೆ ಹೋಗಿರುವುದಿಲ್ಲ. ಅವನು ಊಟಕ್ಕೆ ಕೂತ ಮೇಲೆ ಎಬ್ಬಿಸುವುದು ಕಷ್ಟ.